ಹುಟ್ಟಿದಾಗಿನ ತೂಕ ಮತ್ತು ಆಟಿಸಂ: ಅಂಕಿಗಳು ಏನು ಹೇಳುತ್ತವೆ?

ವಾಣಿಜ್ಯ ವಿಭಾಗದವರು ನಮ್ಮ ಈ ಪತ್ರಿಕೆಗೆ ಬರೆದರೆ ಜಿಎಸ್‌ಟಿ, ಬ್ಯಾಂಕ್, ಬಜೆಟ್ ಇವುಗಳ ಬಗ್ಗೆ ಬರೆಯುವುದು ರೂಢಿ. ಮಕ್ಕಳ ಬೆಳವಣಿಗೆಯ ವಿಷಯ ವಿಜ್ಞಾನ ವಿಭಾಗದವರಿಗೆ ಸೇರಿದ್ದು ಎಂದು ನನ್ನ ಗೆಳತಿಯರೂ ಹೇಳಿದರು. ಆದರೆ ನಾನು ಕೇಳಹೊರಟಿರುವ ಪ್ರಶ್ನೆ ನಮ್ಮ ಸಂಖ್ಯಾಶಾಸ್ತ್ರದ ಪಾಠದಲ್ಲೇ ಇದೆ. ಎರಡು ಸಂಗತಿಗಳು ಜೊತೆಜೊತೆಯಾಗಿ ಕಾಣಿಸಿಕೊಂಡರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಹುದೇ? ಕಾರಣವೇ ಆಗಿದ್ದರೂ ಎಷ್ಟರ ಮಟ್ಟಿಗೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಸುರಪುರದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ನಾಲ್ಕು ವರ್ಷದ ಹುಡುಗನಿದ್ದಾನೆ. ಹುಟ್ಟಿದಾಗ ಎರಡು ಕಿಲೋಗಿಂತ ಕಡಿಮೆ ಇದ್ದ. ಅವನಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಎಲ್ಲರ ಬೆರಳೂ ಅವನ ತಾಯಿಯ ಕಡೆಗೇ ತಿರುಗಿತು. ಅವಳು ನನಗೆ ಆಪಾ ಆಗಬೇಕು. 'ಬಸುರಿಯಾಗಿದ್ದಾಗ ಸರಿಯಾಗಿ ಉಣ್ಣಲಿಲ್ಲ', 'ಗ್ರಹಣದ ಹೊತ್ತು ಅಂಗಳಕ್ಕೆ ಬಂದಿದ್ದಳು', 'ನಜರ್ ಲಗ್ ಗಯಿ' ಎಂದು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಅದೇ ಓಣಿಯಲ್ಲಿ ಇನ್ನೊಬ್ಬರಿಗೆ ಹೆರಿಗೆಯಾಗಿ ಎರಡು ಕಿಲೋ ಚಿಲ್ಲರೆಯ ಹೆಣ್ಣು ಕೂಸು ಹುಟ್ಟಿತು. ಸಣ್ಣ ಕೂಸಿಗೆ ಆಟಿಸಂ ಬರುತ್ತದೆ ಎಂದು ಯಾರೋ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ್ದೇ ತಡ, ಆ ಬಾಣಂತಿ ಚಿಲ್ಲಾದ ನಲವತ್ತು ದಿನವೂ ಅಳುತ್ತಲೇ ಕಳೆದಳು. ಒಬ್ಬ ತಾಯಿಗೆ ಅಪವಾದ, ಇನ್ನೊಬ್ಬ ತಾಯಿಗೆ ಭಯ. ಇಬ್ಬರಿಗೂ ಬೇಕಾದದ್ದು ಸರಿಯಾದ ಮಾಹಿತಿ. ಅದಕ್ಕಾಗಿ ಓದಿ, ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಆಟಿಸಂ ಎಂದರೇನು?

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅದು ಹುಚ್ಚಲ್ಲ, ಅಂಟುರೋಗವಲ್ಲ. ಮೆದುಳಿನ ಬೆಳವಣಿಗೆಯ ದಾರಿ ಉಳಿದವರಿಗಿಂತ ಬೇರೆಯಾಗಿರುವ ಸ್ಥಿತಿ. ಇಂಥ ಮಕ್ಕಳಿಗೆ ಇನ್ನೊಬ್ಬರ ಜೊತೆ ಬೆರೆಯುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಬೇಕಾದ್ದನ್ನು ಮಾತಿನಲ್ಲಿ ಅಥವಾ ಸನ್ನೆಯಲ್ಲಿ ಹೇಳುವುದು ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ. ಆಟಿಕೆ ಕಾರು ಕೊಟ್ಟರೆ ಓಡಿಸುವ ಬದಲು ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತಾರೆ. ಮಿಕ್ಸರ್‌ನ ಸದ್ದು, ಮದುವೆ ಮನೆಯ ಗದ್ದಲ ಕೆಲವರಿಗೆ ಸಹಿಸಲಾಗದಷ್ಟು ಜೋರಾಗಿ ಕೇಳುತ್ತದೆ. ಕೆಲವು ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಓದುತ್ತಾರೆ, ಕೆಲಸಕ್ಕೂ ಸೇರುತ್ತಾರೆ. ಕೆಲವರಿಗೆ ಜೀವನವಿಡೀ ಇನ್ನೊಬ್ಬರ ನೆರವು ಬೇಕಾಗುತ್ತದೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರಿಸಿದರು. ಆಮೇಲೆ ಅಲ್ಲಿಯೂ ತಾಯಂದಿರ ಮೇಲೆಯೇ ಆರೋಪ ಬಂತು. ಮಗುವಿಗೆ ಪ್ರೀತಿ ತೋರಿಸದ, ತಣ್ಣನೆಯ ಮನಸ್ಸಿನ ತಾಯಂದಿರಿಂದ ಹೀಗಾಗುತ್ತದೆ ಎಂದು ಹೇಳಿ ಅವರಿಗೆ 'ರೆಫ್ರಿಜರೇಟರ್ ತಾಯಿ' ಎಂಬ ಹೆಸರನ್ನೇ ಇಟ್ಟರು. ಆ ಮಾತಿಗೆ ಆಧಾರವಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಎಷ್ಟೋ ಮನೆಗಳು ನೊಂದಿದ್ದವು. ಅಂದರೆ ತಾಯಿಯನ್ನು ದೂರುವ ಚಟ ನಮ್ಮ ಓಣಿಗಳಿಗೆ ಮಾತ್ರ ಸೀಮಿತವಲ್ಲ, ಓದಿದವರಲ್ಲೂ ಇತ್ತು.

ಎಷ್ಟು ಸಣ್ಣದಾದರೆ ಸಣ್ಣ ಕೂಸು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. 1,500 ಗ್ರಾಂಗಿಂತ ಕಡಿಮೆ ಇದ್ದರೆ ಅತಿ ಕಡಿಮೆ ತೂಕ. ಆದರೆ ತೂಕವೊಂದನ್ನೇ ನೋಡಿದರೆ ಸಾಲದು, ಮಗು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನೂ ನೋಡಬೇಕು. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಜನನ.

ಎರಡು ಕಿಲೋದ ಎರಡು ಕೂಸುಗಳನ್ನು ಪಕ್ಕಪಕ್ಕದಲ್ಲಿ ಮಲಗಿಸಿದರೆ ನೋಡಲು ಒಂದೇ ತರ ಕಾಣಬಹುದು. ಒಂದು ದಿನ ತುಂಬುವ ಮೊದಲೇ ಹುಟ್ಟಿ, ಆ ವಾರಕ್ಕೆ ಇರಬೇಕಾದಷ್ಟೇ ತೂಕ ಇರುವ ಕೂಸು. ಇನ್ನೊಂದು ದಿನ ತುಂಬಿಯೇ ಹುಟ್ಟಿದ್ದು, ಆದರೆ ಹೊಟ್ಟೆಯಲ್ಲಿ ಸರಿಯಾಗಿ ಬೆಳೆದಿಲ್ಲ. ಮೊದಲನೆಯದಕ್ಕೆ ಸಮಯ ಸಾಲಲಿಲ್ಲ, ಎರಡನೆಯದಕ್ಕೆ ಪೋಷಣೆ ಸಾಲಲಿಲ್ಲ. ನಮ್ಮ ದೇಶದಲ್ಲಿ ತೂಕ ಕಡಿಮೆ ಇರುವ ಮಕ್ಕಳಲ್ಲಿ ಎರಡನೆಯ ಬಗೆಯವರೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತೂಕ ದಾಖಲಾಗಿದ್ದ ಮಕ್ಕಳ ಪೈಕಿ ದೇಶದಲ್ಲಿ ನೂರಕ್ಕೆ 18 ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ಇದ್ದರು.

ಅಧ್ಯಯನಗಳು ಕಂಡದ್ದೇನು?

ತೂಕಕ್ಕೂ ಆಟಿಸಂಗೂ ನಂಟಿದೆ ಎಂದು ತೋರಿಸಿದ ಅಧ್ಯಯನಗಳು ಹಲವು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಅಮೆರಿಕದ ನ್ಯೂಜೆರ್ಸಿಯದ್ದು. 1984ರಿಂದ 1987ರ ನಡುವೆ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ 862 ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಗಮನಿಸಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ ಸುಮಾರು ನೂರಕ್ಕೆ ಐವರಿಗೆ ಆಟಿಸಂ ಇತ್ತು. ಆ ಕಾಲಕ್ಕೆ ಅಲ್ಲಿನ ಸಾಮಾನ್ಯ ಮಕ್ಕಳಲ್ಲಿ ಅದು ಸುಮಾರು ನೂರಕ್ಕೆ ಒಂದು.

ಎರಡನೆಯದು ಅದೇ ದೇಶದ ಅಟ್ಲಾಂಟಾ ನಗರದ್ದು, 2008ರಲ್ಲಿ ಪ್ರಕಟವಾದದ್ದು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಮಕ್ಕಳಲ್ಲಿ ಆಟಿಸಂನ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಅದು ಹೇಳಿತು.

ಮೂರನೆಯದು ಸ್ವೀಡನ್ನಿನ ಸ್ಟಾಕ್‌ಹೋಮ್‌ನದ್ದು, 2013ರದ್ದು. ಅಲ್ಲಿ 5 ಲಕ್ಷ 89 ಸಾವಿರ ಮಕ್ಕಳ ದಾಖಲೆಗಳನ್ನು ನೋಡಿದರು. ಹೊಟ್ಟೆಯಲ್ಲಿ ತೀರಾ ಕಡಿಮೆ ಬೆಳೆದ ಮಕ್ಕಳಲ್ಲಿ ಮಾತ್ರವಲ್ಲ, ತೀರಾ ದೊಡ್ಡದಾಗಿ ಬೆಳೆದ ಮಕ್ಕಳಲ್ಲೂ ಆಟಿಸಂ ಸ್ವಲ್ಪ ಹೆಚ್ಚಿತ್ತು. ಅಂದರೆ ಗ್ರಾಫ್ ಒಂದೇ ಕಡೆ ಇಳಿಯುವ ಗೆರೆಯಲ್ಲ, ಎರಡು ತುದಿಯಲ್ಲೂ ಮೇಲೇರುವ ಗೆರೆ.

ನಾಲ್ಕನೆಯದು ನಮ್ಮ ದೇಶದ್ದು. ಪಲ್ವಲ್, ಕಾಂಗ್ಡಾ, ಢೆಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್ ಎಂಬ ಐದು ಕಡೆ 2ರಿಂದ 9 ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿದ ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇದು ಆಟಿಸಂ ಒಂದನ್ನೇ ನೋಡಲಿಲ್ಲ. ಮೂರ್ಛೆರೋಗ, ಶ್ರವಣದೋಷ, ಮಾತಿನ ತೊಂದರೆ, ಕಲಿಕೆಯ ತೊಂದರೆ ಎಲ್ಲವನ್ನೂ ಸೇರಿಸಿ ನೋಡಿತು. ಮನೆಯಲ್ಲೇ ಹೆರಿಗೆ, ಹುಟ್ಟಿದ ತಕ್ಷಣ ಉಸಿರು ಕಟ್ಟುವುದು, ಮೊದಲ ತಿಂಗಳ ಕಾಯಿಲೆ, ಕಡಿಮೆ ತೂಕ ಅಥವಾ ಅವಧಿಪೂರ್ವ ಜನನ, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು, ಇವು ಇದ್ದ ಮಕ್ಕಳಲ್ಲಿ ಇಂಥ ತೊಂದರೆಗಳು ಹೆಚ್ಚು ಎಂದು ಕಂಡುಬಂತು.

ಸಾವಿರ ಮಕ್ಕಳ ಲೆಕ್ಕ

'ಎರಡು ಪಟ್ಟು', 'ಐದು ಪಟ್ಟು' ಎಂಬ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಎಷ್ಟರ ಎರಡು ಪಟ್ಟು ಎಂದು ಕೇಳುವುದನ್ನು ನಮಗೆ ತರಗತಿಯಲ್ಲಿ ಕಲಿಸಿದ್ದಾರೆ. ಒಂದು ರೂಪಾಯಿ ಎರಡು ಪಟ್ಟಾದರೆ ಎರಡೇ ರೂಪಾಯಿ.

ಒಂದು ಲೆಕ್ಕ ಮಾಡೋಣ. ಇದು ಸಮೀಕ್ಷೆಯ ಅಂಕಿ ಅಲ್ಲ, ಅರ್ಥವಾಗಲೆಂದು ಮಾಡಿದ ಉದಾಹರಣೆ. ಸಾವಿರ ಮಕ್ಕಳು ಹುಟ್ಟಿದರು ಎಂದುಕೊಳ್ಳಿ. ಅವರಲ್ಲಿ 200 ಮಕ್ಕಳು ಕಡಿಮೆ ತೂಕದವರು, 800 ಮಕ್ಕಳು ಸರಿಯಾದ ತೂಕದವರು. ಸರಿಯಾದ ತೂಕದವರಲ್ಲಿ ನೂರಕ್ಕೆ ಒಬ್ಬರಿಗೆ ಆಟಿಸಂ ಎಂದರೆ 8 ಮಕ್ಕಳು. ಕಡಿಮೆ ತೂಕದವರಲ್ಲಿ ಅದರ ಎರಡು ಪಟ್ಟು, ಅಂದರೆ ನೂರಕ್ಕೆ ಇಬ್ಬರು ಎಂದರೆ 4 ಮಕ್ಕಳು. ಒಟ್ಟು 12.

ಈಗ ಈ ಲೆಕ್ಕವನ್ನು ಎರಡು ಕಡೆಯಿಂದ ಓದಿ. ಕಡಿಮೆ ತೂಕದ 200 ಮಕ್ಕಳಲ್ಲಿ 196 ಮಕ್ಕಳಿಗೆ ಆಟಿಸಂ ಇಲ್ಲ. ಆಟಿಸಂ ಇರುವ 12 ಮಕ್ಕಳಲ್ಲಿ 8 ಮಕ್ಕಳು ಹುಟ್ಟಿದಾಗ ಸರಿಯಾದ ತೂಕವೇ ಇದ್ದವರು. ನ್ಯೂಜೆರ್ಸಿಯ ಎರಡು ಕಿಲೋಗಿಂತ ಕಡಿಮೆಯ ಮಕ್ಕಳಲ್ಲೂ ನೂರಕ್ಕೆ ಸುಮಾರು 95 ಮಕ್ಕಳಿಗೆ ಆಟಿಸಂ ಇರಲಿಲ್ಲ.

ಆದ್ದರಿಂದ ಕೂಸು ಸಣ್ಣದಾಗಿ ಹುಟ್ಟಿತು ಎಂದು ಹೆದರಿ ಕೂರಬೇಕಿಲ್ಲ. ಕೂಸು ಮೂರೂವರೆ ಕಿಲೋ ಇತ್ತು, ಇದಕ್ಕೆ ಆಟಿಸಂ ಇರಲಾರದು ಎಂದು ಸುಮ್ಮನಿರುವುದೂ ಸರಿಯಲ್ಲ. ನನ್ನ ಪ್ರಕಾರ ಎರಡನೆಯ ತಪ್ಪಿನಿಂದ ಆಗುವ ನಷ್ಟವೇ ದೊಡ್ಡದು, ಏಕೆಂದರೆ ಅಂಥ ಮನೆಗಳಲ್ಲಿ ಯಾರೂ ಮಗುವನ್ನು ತೋರಿಸಲು ಹೋಗುವುದೇ ಇಲ್ಲ.

ಕಾರಣವೋ, ಬರೀ ಗುರುತೋ?

ನಮ್ಮಲ್ಲಿ ಬೇಸಿಗೆ ಬಂತೆಂದರೆ ಕಲ್ಲಂಗಡಿ ಮಾರಾಟ ಏರುತ್ತದೆ. ಅದೇ ತಿಂಗಳುಗಳಲ್ಲಿ ಬಿಸಿಲಿನ ಝಳಕ್ಕೆ ಸುಸ್ತಾಗಿ ಆಸ್ಪತ್ರೆಗೆ ಬರುವವರ ಸಂಖ್ಯೆಯೂ ಏರುತ್ತದೆ. ಹಾಗೆಂದು ಕಲ್ಲಂಗಡಿ ತಿಂದು ಸುಸ್ತಾದರು ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ಕಾರಣ ಬಿಸಿಲು. ಸಹಸಂಬಂಧ ಬೇರೆ, ಕಾರಣ ಬೇರೆ ಎಂದು ಪಾಠದಲ್ಲಿ ಹೇಳುವುದು ಇದನ್ನೇ.

ತೂಕ ಮತ್ತು ಆಟಿಸಂ ವಿಷಯದಲ್ಲೂ ಕನಿಷ್ಠ ಮೂರು ದಾರಿಗಳಿವೆ. ಮೊದಲನೆಯದು, ಹೊಟ್ಟೆಯಲ್ಲಿರುವಾಗ ಮಾಸು ಸರಿಯಾಗಿ ಕೆಲಸ ಮಾಡದೆ ಮಗುವಿಗೆ ಆಮ್ಲಜನಕ, ಪೋಷಕಾಂಶ ಕಡಿಮೆಯಾಗಿ, ಅದರಿಂದ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಎರಡನೆಯದು, ಒಂದೇ ಮೂಲ ಕಾರಣ ಎರಡಕ್ಕೂ ದಾರಿ ಮಾಡಿಕೊಡಬಹುದು. ಕೆಲವು ವಂಶವಾಹಿ ಬದಲಾವಣೆಗಳು ಮಗುವಿನ ಗಾತ್ರವನ್ನೂ ಕಡಿಮೆ ಮಾಡುತ್ತವೆ, ಆಟಿಸಂನ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ಮೂರನೆಯದು, ತೀರಾ ಬೇಗ ಹುಟ್ಟಿದ ಮಗುವಿಗೆ ಹುಟ್ಟಿದ ಮೇಲೆ ಉಸಿರಾಟದ ತೊಂದರೆ, ಸೋಂಕು, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದನ್ನು ವಿಜ್ಞಾನಿಗಳು ಒಪ್ಪಿದ್ದಾರೆ. ತೂಕ ಅದರ ಜೊತೆಗೆ ಸೇರುವ ಒಂದು ಸಣ್ಣ ಪಾಲು.

ಈ ದಾರಿಗಳನ್ನು ಬಿಡಿಸಿ ನೋಡಲು ಸ್ವೀಡನ್ನಿನ ವಿಜ್ಞಾನಿಗಳು ಅವಳಿ ಮಕ್ಕಳನ್ನು ಆಯ್ದುಕೊಂಡರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣಾಗಿದ್ದ 3,715 ಅವಳಿ ಜೋಡಿಗಳಿದ್ದವು. ಅವಳಿಗಳೇ ಏಕೆ? ಅವರ ತಾಯಿ ಒಬ್ಬಳೇ, ಅವಳು ಉಂಡ ಊಟ ಒಂದೇ, ಹೊಟ್ಟೆಯಲ್ಲಿ ಕಳೆದ ವಾರಗಳೂ ಅಷ್ಟೇ. ಆದರೂ ಒಬ್ಬರ ತೂಕ ಇನ್ನೊಬ್ಬರಿಗಿಂತ ಕಡಿಮೆ ಇರುವುದುಂಟು. ಒಬ್ಬರಿಗೆ ಮಾತ್ರ ಆಟಿಸಂ ಇದ್ದ 34 ಜೋಡಿಗಳನ್ನು ಹೋಲಿಸಿದಾಗ, ತೂಕ ಕಡಿಮೆ ಇದ್ದ ಅವಳಿಗೆ ಆಟಿಸಂ ಇರುವ ಸಾಧ್ಯತೆ ಮೂರು ಪಟ್ಟಿಗಿಂತ ಹೆಚ್ಚಿತ್ತು. ಇಬ್ಬರ ನಡುವೆ ಕನಿಷ್ಠ 400 ಗ್ರಾಂ ಅಥವಾ ಶೇ. 15ರಷ್ಟು ವ್ಯತ್ಯಾಸ ಇದ್ದಾಗಿನ ಮಾತಿದು. 34 ಜೋಡಿ ಎಂಬುದು ಸಣ್ಣ ಸಂಖ್ಯೆ, ಆದ್ದರಿಂದ 'ಮೂರು ಪಟ್ಟು' ಎಂಬುದನ್ನು ಕಲ್ಲಿನಲ್ಲಿ ಕೊರೆದ ಅಂಕಿ ಎಂದು ತಿಳಿಯಬಾರದು. ಆದರೂ ಹೊಟ್ಟೆಯೊಳಗಿನ ಬೆಳವಣಿಗೆಗೆ ಇದರಲ್ಲಿ ತನ್ನದೇ ಆದ ಪಾಲಿದೆ ಎಂದು ಇದರಿಂದ ತಿಳಿಯುತ್ತದೆ.

ಇದೇ ಅಧ್ಯಯನದಲ್ಲಿ ನನ್ನ ಆಪಾಳಂಥ ತಾಯಂದಿರ ಪರವಾಗಿ ಒಂದು ದೊಡ್ಡ ಸಾಕ್ಷಿ ಇದೆ. ತಾಯಿಯ ಊಟ, ತಾಯಿಯ ನಡತೆ, ಗ್ರಹಣ, ನಜರ್ ಇವೇ ಕಾರಣವಾಗಿದ್ದರೆ ಅವಳಿಗಳಿಬ್ಬರಿಗೂ ಒಂದೇ ಆಗಬೇಕಿತ್ತಲ್ಲ? ಒಂದೇ ಹೊಟ್ಟೆಯಲ್ಲಿ, ಒಂದೇ ಕಾಲದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಆಟಿಸಂ ಇದೆ, ಇನ್ನೊಬ್ಬರಿಗೆ ಇಲ್ಲ. ತಾಯಿ ಏನು ಮಾಡಿದಳು ಎಂಬ ಪ್ರಶ್ನೆಗೆ ಇಲ್ಲಿ ಜಾಗವೇ ಇಲ್ಲ.

ಲಸಿಕೆಯ ಮೇಲಿನ ಅಪವಾದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಬರಹ ಕೇವಲ 12 ಮಕ್ಕಳನ್ನು ಆಧರಿಸಿತ್ತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ ಯಾವ ನಂಟೂ ಕಾಣಲಿಲ್ಲ. ಸಣ್ಣ ಕೂಸುಗಳಿಗೆ ಸೋಂಕಿನ ಅಪಾಯ ಹೆಚ್ಚಾಗಿರುವುದರಿಂದ ಅವರಿಗೆ ಲಸಿಕೆ ಇನ್ನಷ್ಟು ಮುಖ್ಯ.

ಮೈಸೂರಿನ ಹಳೆಯ ದಾಖಲೆಗಳು

ಅಮೆರಿಕ, ಸ್ವೀಡನ್ ಎಂದೆಲ್ಲ ಹೇಳಿದೆ. ಹುಟ್ಟಿದಾಗಿನ ತೂಕ ಮುಂದಿನ ಜೀವನದ ಬಗ್ಗೆ ಏನು ಹೇಳುತ್ತದೆ ಎಂಬ ವಿಷಯದಲ್ಲಿ ನಮ್ಮ ಕರ್ನಾಟಕದ ಒಂದು ಊರೂ ಜಗತ್ತಿನಲ್ಲಿ ಹೆಸರು ಮಾಡಿದೆ. ಅದು ಮೈಸೂರು.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಅರವತ್ತು ವರ್ಷದ ನಂತರ ಇದರಿಂದ ಉಪಯೋಗವಾಗುತ್ತದೆ ಎಂದು ಬರೆದವರಿಗೆ ಗೊತ್ತಿರಲು ಸಾಧ್ಯವಿಲ್ಲ. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಐದೂವರೆ ಪೌಂಡ್, ಅಂದರೆ ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡ್‌ಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಇದು 1996ರಲ್ಲಿ ಪ್ರಕಟವಾಯಿತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಆಗ ಹುಟ್ಟಿದ ಮಕ್ಕಳು 9-10 ವರ್ಷದವರಾದಾಗ ಅವರಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳಿಗೆ ನೆನಪು, ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಹುಟ್ಟಿದಾಗ ತೂಕ ಮತ್ತು ತಲೆಯ ಸುತ್ತಳತೆ ಹೆಚ್ಚಿದ್ದ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರು. ಇದು ಆಟಿಸಂ ಬಗೆಗಿನ ಅಧ್ಯಯನ ಅಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಹೊಟ್ಟೆಯೊಳಗಿನ ಬೆಳವಣಿಗೆಗೂ ಮೆದುಳಿಗೂ ಇರುವ ನಂಟು ಕನ್ನಡ ನಾಡಿನ ಮಕ್ಕಳಲ್ಲೂ ಕಂಡಿದೆ.

ಒಳ್ಳೆಯ ಲೆಕ್ಕಪುಸ್ತಕದ ಬೆಲೆ ವಾಣಿಜ್ಯದವರಿಗೆ ಬೇಗ ಅರ್ಥವಾಗುತ್ತದೆ. ನಾನು ತರಗತಿಯ ಗೆಳತಿಯರನ್ನು 'ನೀನು ಹುಟ್ಟಿದಾಗ ಎಷ್ಟು ತೂಕ ಇದ್ದೆ?' ಎಂದು ಕೇಳಿದೆ. ಬಹಳ ಮಂದಿಗೆ ಗೊತ್ತಿರಲಿಲ್ಲ, ಅವರ ಅಮ್ಮಿಗೂ ನೆನಪಿರಲಿಲ್ಲ. ನಮ್ಮ ಮನೆಗಳಲ್ಲಿ ಅಕೀಕಾದ ದಿನ ಕೂಸಿನ ಕೂದಲನ್ನು ತೂಗಿ, ಅಷ್ಟು ತೂಕದ ಬೆಳ್ಳಿಯ ಬೆಲೆಯನ್ನು ಸದಕಾ ಕೊಡುತ್ತೇವೆ. ಕೂದಲನ್ನು ಅಷ್ಟು ಜೋಪಾನವಾಗಿ ತೂಗುವ ನಾವು ಕೂಸಿನ ತೂಕವನ್ನೂ ಬರೆದಿಟ್ಟುಕೊಳ್ಳಬಹುದಲ್ಲ?

ನಮ್ಮ ಜಿಲ್ಲೆಗೆ ಇದು ಏಕೆ ಮುಖ್ಯ?

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಎರಡೇ, ರಾಯಚೂರು ಮತ್ತು ನಮ್ಮ ಯಾದಗಿರಿ. 2019-21ರ ಸಮೀಕ್ಷೆಯ ಪ್ರಕಾರ ನಮ್ಮ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಇಡೀ ರಾಜ್ಯದಲ್ಲಿ ಅದು ನೂರಕ್ಕೆ ಸುಮಾರು 35.

ಮಕ್ಕಳು ಸಣ್ಣದಾಗಿ ಹುಟ್ಟುವುದಕ್ಕೆ ಇರುವ ಕಾರಣಗಳು ನಮ್ಮ ಶಹಾಪುರ, ಸುರಪುರ, ಯಾದಗಿರಿಯ ಯಾವ ಹಳ್ಳಿಗೆ ಹೋದರೂ ಕಣ್ಣಿಗೆ ಬೀಳುತ್ತವೆ. ತಾಯಿಗೆ ರಕ್ತಹೀನತೆ, ಹದಿನೆಂಟು ತುಂಬುವ ಮೊದಲೇ ಮದುವೆ, ಒಂದು ಹೆರಿಗೆಗೂ ಇನ್ನೊಂದಕ್ಕೂ ಅಂತರ ಇಲ್ಲದಿರುವುದು, ಬಸುರಿಯಲ್ಲಿ ಬಿಪಿ ಏರುವುದು, ತಂಬಾಕು ತಿನ್ನುವುದು, ಒಂಬತ್ತನೇ ತಿಂಗಳವರೆಗೂ ಹೊಲದಲ್ಲಿ ಹತ್ತಿ ಬಿಡಿಸುವುದು, ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿ ತಪಾಸಣೆ ತಪ್ಪಿಸಿಕೊಳ್ಳುವುದು. ಇವುಗಳಲ್ಲಿ ಒಬ್ಬ ಹೆಣ್ಣುಮಗಳು ತಾನೇ ಆರಿಸಿಕೊಂಡದ್ದು ಎಷ್ಟು? ಯಾವ ವಯಸ್ಸಿಗೆ ಮದುವೆ, ಊಟಕ್ಕೆ ಯಾರು ಮೊದಲು ಕೂರಬೇಕು, ಯಾವ ತಿಂಗಳು ಯಾವ ಊರಿಗೆ ದುಡಿಯಲು ಹೋಗಬೇಕು ಎಂದು ತೀರ್ಮಾನಿಸುವವರು ಬೇರೆಯವರು. ತೀರ್ಮಾನ ಒಬ್ಬರದು, ಅಪವಾದ ಇನ್ನೊಬ್ಬರಿಗೆ ಎಂದರೆ ಯಾವ ನ್ಯಾಯ?

ಕಬ್ಬಿಣಾಂಶದ ಮಾತ್ರೆ ನುಂಗಿದರೆ ಆಟಿಸಂ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ತಾಯಿಗೆ ಪೋಷಣೆ, ತಪಾಸಣೆ, ವಿಶ್ರಾಂತಿ ಸಿಕ್ಕರೆ ಸಣ್ಣ ಕೂಸುಗಳು ಹುಟ್ಟುವುದು ಕಡಿಮೆಯಾಗುತ್ತದೆ. ಅದರಿಂದ ಮಗುವಿನ ಜೀವ, ಎತ್ತರ, ಕಲಿಕೆ ಎಲ್ಲಕ್ಕೂ ಲಾಭ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ನಮ್ಮ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಕಾಲೇಜಿಗೆ ತಪಾಸಣೆಯವರು ಬಂದಾಗ ಸೂಜಿಗೆ ಹೆದರಿ ಹಿಂದಿನ ಬೆಂಚಿಗೆ ಹೋಗಿ ಕೂರುವವರು ಇದನ್ನು ಓದಲಿ.

ಏನನ್ನು ಗಮನಿಸಬೇಕು?

ಕಡಿಮೆ ತೂಕದ ಮಗು ಮನೆಯಲ್ಲಿದ್ದರೆ ಆ ತೂಕವನ್ನು 'ಸ್ವಲ್ಪ ಹೆಚ್ಚು ಗಮನ ಕೊಡಿ' ಎಂಬ ಸೂಚನೆಯಾಗಿ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ವೈದ್ಯರು ಹೇಳುವ ಗುರುತುಗಳು ಇವು:

ಆರು ತಿಂಗಳಾದರೂ ನಮ್ಮ ಮುಖ ನೋಡಿ ನಗದಿರುವುದು.
ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡದಿರುವುದು, ಬೆರಳು ತೋರಿಸದಿರುವುದು, ಟಾಟಾ ಮಾಡದಿರುವುದು.
ಹದಿನಾರು ತಿಂಗಳಾದರೂ ಒಂದೂ ಪದ ಆಡದಿರುವುದು.
ಎರಡು ವರ್ಷವಾದರೂ 'ಅಮ್ಮಿ ಬಾ', 'ಹಾಲು ಕೊಡು' ಎಂಬಂತೆ ಎರಡು ಪದ ಜೋಡಿಸದಿರುವುದು.
ಕಲಿತಿದ್ದ ಮಾತು ಅಥವಾ ಸನ್ನೆಯನ್ನು ಯಾವ ವಯಸ್ಸಿನಲ್ಲೇ ಆಗಲಿ ಬಿಟ್ಟುಬಿಡುವುದು.

ದಿನ ತುಂಬುವ ಮೊದಲು ಹುಟ್ಟಿದ ಮಗುವಿಗೆ ಇಲ್ಲೊಂದು ಹೊಂದಾಣಿಕೆ ಮಾಡಬೇಕು. ನಮ್ಮ ಲೆಕ್ಕಶಾಸ್ತ್ರದಲ್ಲಿ ಹೊಂದಾಣಿಕೆ ನಮೂದು ಬಿಟ್ಟರೆ ಅಂತಿಮ ಖಾತೆ ತಪ್ಪಾಗುವ ಹಾಗೆ ಇಲ್ಲಿಯೂ ತಪ್ಪಾಗುತ್ತದೆ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಹನ್ನೆರಡು ತಿಂಗಳಾದಾಗ ಅದರಿಂದ ಹತ್ತು ತಿಂಗಳ ಮಗುವಿನ ಬೆಳವಣಿಗೆಯನ್ನಷ್ಟೇ ನಿರೀಕ್ಷಿಸಬೇಕು. ಎರಡು ವರ್ಷದವರೆಗೆ ಹೀಗೆ ಕಳೆದು ಲೆಕ್ಕ ಹಾಕುತ್ತಾರೆ.

ಈ ಗುರುತುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದು ತೀರ್ಮಾನಿಸಬಾರದು. ಮಗುವಿಗೆ ಕಿವಿ ಕೇಳಿಸದೆಯೂ ಹೆಸರಿಗೆ ತಿರುಗದಿರಬಹುದು. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ ಆಗಬೇಕು. ತೀರಾ ಬೇಗ ಹುಟ್ಟಿದ ಮಕ್ಕಳಿಗೆ ದೃಷ್ಟಿಯ ಅಥವಾ ಕೈಕಾಲಿನ ತೊಂದರೆ ಇದ್ದರೂ ಮೊದಲ ಹಂತದ ತಪಾಸಣೆಯಲ್ಲಿ ಆಟಿಸಂ ಇದ್ದಂತೆ ಕಾಣಬಹುದು. ಖಚಿತ ಮಾಡಲು ನಮ್ಮ ದೇಶದಲ್ಲಿ ಬಳಸುವ ಒಂದು ಅಳತೆಗೋಲಿನಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5 ಅಂಕ ಕೊಡುತ್ತಾರೆ. ಇದು ತರಬೇತಿ ಪಡೆದವರ ಕೆಲಸ, ಮೊಬೈಲ್ ನೋಡಿ ಮಾಡುವಂಥದ್ದಲ್ಲ.

ನಮ್ಮಂಥ ಉರ್ದು ಮಾತಾಡುವ ಮನೆಗಳಿಗೆ ಇನ್ನೊಂದು ಮಾತು. ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ, ಎರಡು ಭಾಷೆ ಬೆರೆತು ಮಗುವಿಗೆ ಮಾತು ಬರುತ್ತಿಲ್ಲ ಎನ್ನುವವರಿದ್ದಾರೆ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಗುವೂ ಎರಡು ಭಾಷೆ ಕಲಿಯಬಲ್ಲದು. ಪರೀಕ್ಷೆಗೆ ಹೋದಾಗ ಮಾತ್ರ ಮಗುವಿಗೆ ಮನೆಯ ಭಾಷೆ ಯಾವುದು ಎಂದು ಹೇಳಲೇಬೇಕು. 'ಚೆಂಡು ಎಲ್ಲಿ?' ಎಂದಾಗ ಸುಮ್ಮನಿರುವ ಮಗು 'ಗೇಂದ್ ಕಹಾಂ ಹೈ?' ಎಂದರೆ ಬೆರಳು ತೋರಿಸಬಹುದು. 'ಅವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಎಂದು ಕಾಯುತ್ತಾ ಕೂರುವುದು ಎಲ್ಲಕ್ಕಿಂತ ದುಬಾರಿ, ಏಕೆಂದರೆ ನೆರವು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು.

ಎಲ್ಲಿಗೆ ಹೋಗಬೇಕು?

ಮೊದಲ ಮೆಟ್ಟಿಲು ನಮ್ಮ ಓಣಿಯಲ್ಲೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಬಾರಿ ಮನೆಗೆ ಬಂದು ಕೂಸನ್ನು ನೋಡಬೇಕು, ತೂಗಬೇಕು. ಸಣ್ಣ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಅವರೇ ಹೇಳಿಕೊಡುತ್ತಾರೆ. ಖರ್ಚಿಲ್ಲದ ಈ ಆರೈಕೆ ಕಡಿಮೆ ತೂಕದ ಕೂಸುಗಳ ಜೀವ ಉಳಿಸುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ತಂದೆ, ನಾನಿ ಯಾರು ಬೇಕಾದರೂ ಸರದಿಯಲ್ಲಿ ಮಾಡಬಹುದು.

ಎರಡನೆಯದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಬೆಳವಣಿಗೆಯ ವಿಳಂಬ ಮತ್ತು ಆಟಿಸಂ ಇದರ ಪಟ್ಟಿಯಲ್ಲಿವೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ನಮ್ಮಿಂದ ಅಲ್ಲಿಗೆ ಒಂದು ರಾತ್ರಿಯ ಪ್ರಯಾಣ, ದಿನದ ಕೂಲಿಯೂ ಹೋಗುತ್ತದೆ. ಹೀಗಾಗಿ ಮನೆಯಲ್ಲೇ ತಂದೆತಾಯಿ ಮಾಡಬಹುದಾದ ಅಭ್ಯಾಸಗಳನ್ನು ಒಂದೇ ಭೇಟಿಯಲ್ಲಿ ಆದಷ್ಟು ಕೇಳಿ ಬರೆದುಕೊಂಡು ಬರುವುದು ಒಳ್ಳೆಯದು. ಮಾತಿನ ತರಬೇತಿ, ಆಟದ ಮೂಲಕ ಕಲಿಸುವುದು, ದಿನಚರಿ ರೂಢಿಸುವುದು ಇವೇ ನಿಜವಾದ ಚಿಕಿತ್ಸೆ. ಆಟಿಸಂ ಅನ್ನು ಪೂರ್ತಿ ತೆಗೆದುಹಾಕುವ ಔಷಧಿ ಇಲ್ಲ. ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಯವರಿಗೆ ಹೊಲ ಮಾರಿ ಹಣ ಕೊಡಬೇಡಿ.

ಮೂರನೆಯದು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿದರೆ ಸರ್ಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವೆಚ್ಚ ಸಿಗುತ್ತದೆ. ಅರ್ಜಿ ತುಂಬಲು ಬರದ ತಂದೆತಾಯಿಗಳಿಗೆ ನಮ್ಮ ವಿಭಾಗದವರು ಸಹಾಯ ಮಾಡಬಹುದು, ಫಾರಂ ತುಂಬುವುದು ನಮಗೆ ಹೊಸದಲ್ಲ.

ಗೆಳೆಯರೇ, ಈ ವಾರ ಮನೆಯಲ್ಲೋ ಓಣಿಯಲ್ಲೋ ಚಿಕ್ಕ ಮಗುವಿದ್ದರೆ ಅದರ ತಾಯಿ ಕಾರ್ಡ್ ತೆಗೆದು ನೋಡಿ. ಹುಟ್ಟಿದ ವಾರ, ತೂಕ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಜೋಪಾನ ಮಾಡಿ. ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಮೇಲೆ ಹೇಳಿದ ಗುರುತುಗಳನ್ನು ಆಗಾಗ ನೋಡುತ್ತಿರಿ. ಹೆಚ್ಚಿದ್ದರೂ ನೋಡಿ. ಸಂಶಯ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ. ಯಾರಾದರೂ ತಾಯಿಯನ್ನು ದೂರಲು ಶುರುಮಾಡಿದರೆ ಅವಳಿ ಮಕ್ಕಳ ಕಥೆಯನ್ನು ಅವರಿಗೆ ಹೇಳಿ.